ವಾರಕ್ಕೊಮ್ಮೆ ಅಡುಗೆಯೋ, ದಿನನಿತ್ಯದ ಅಡುಗೆಯೋ?

ಹೊರಗಿನ ಕೆಲಸವನ್ನೂ ಮಕ್ಕಳ ಪಾಲನೆಯನ್ನೂ ಒಟ್ಟಿಗೆ ನಿಭಾಯಿಸುವ ತಾಯಿಗೆ, ರಜಾದಿನದಂದು ಒಮ್ಮೆಗೇ ಅಡುಗೆ ಮಾಡಿಟ್ಟುಕೊಳ್ಳುವುದು ಮತ್ತು ಪ್ರತಿದಿನ ಹೊಸದಾಗಿ ಬೇಯಿಸುವುದು ಎಂಬ ಎರಡು ದಾರಿಗಳಿವೆ. ಮೊದಲನೆಯದರಿಂದ ಸಂಜೆಯ ಧಾವಂತ ತಗ್ಗುತ್ತದೆ. ಆದರೆ ರಜೆಯ ಅರ್ಧ ದಿನ ಒಲೆಯ ಮುಂದೆಯೇ ಕಳೆದುಹೋಗುತ್ತದೆ ಎಂಬುದನ್ನು ಈ ಕ್ರಮವನ್ನು ಹೊಗಳುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಶೇಖರಣೆಯಲ್ಲಿಯೂ ಎಚ್ಚರ ಬೇಕು: ಬೇಯಿಸಿದ ಆಹಾರವನ್ನು ಚಿಕ್ಕ ಡಬ್ಬಿಗಳಲ್ಲಿ ಹಂಚಿ, 2 ಗಂಟೆಯೊಳಗೆ, 4 ಡಿಗ್ರಿ ಸೆಲ್ಸಿಯಸ್ ಮೀರದ ಫ್ರಿಜ್ಜಿನಲ್ಲಿಟ್ಟರೆ 3ರಿಂದ 4 ದಿನ ಬಳಸಬಹುದು, ಅದಕ್ಕೂ ಮುಂದಿನ ದಿನಗಳ ಪಾಲನ್ನು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿಡಬೇಕು. ಅನ್ನವನ್ನಂತೂ ಬಹಳ ಹೊತ್ತು ಹೊರಗೆ ಬಿಡಲೇಬಾರದು, ಏಕೆಂದರೆ ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೆಚ್ಚಗಿನ ಅನ್ನದಲ್ಲಿ ಬೆಳೆದು ಉಂಟುಮಾಡುವ ವಿಷವಸ್ತು ಮತ್ತೆ ಬಿಸಿಮಾಡಿದರೂ ನಾಶವಾಗದಿರಬಹುದು.

ದಿನನಿತ್ಯದ ಅಡುಗೆಯಲ್ಲಿ ರುಚಿ, ಹದ ಎರಡೂ ಮೇಲು. ತರಕಾರಿಗಳ ಸಿ ಜೀವಸತ್ವವೂ ಹೆಚ್ಚು ಉಳಿಯುತ್ತದೆ. ಆದರೆ 'ಇವತ್ತೇನು ಮಾಡಲಿ' ಎಂಬ ಪ್ರಶ್ನೆ ತಪ್ಪುವುದಿಲ್ಲ. ಬೇಯಿಸುವುದಕ್ಕಿಂತ ಅದೇ ಹೆಚ್ಚು ದಣಿಸುತ್ತದೆ ಎಂದು ನನಗನಿಸುತ್ತದೆ.

ಫ್ರೀಜರ್ ಚಿಕ್ಕದಾಗಿದ್ದರೆ ದಿನನಿತ್ಯದ ಅಡುಗೆಯೇ ಸರಿ. ಉಳಿದವರು ಕಾಳು ಬೇಯಿಸುವ, ಮಸಾಲೆ ಅರೆಯುವ ಕೆಲಸವನ್ನಷ್ಟೇ ಮುಂಚಿತವಾಗಿ ಮುಗಿಸಿಟ್ಟುಕೊಂಡು, ಸೊಪ್ಪು ತರಕಾರಿಗಳನ್ನು ಆಯಾ ದಿನವೇ ಬೇಯಿಸಿಕೊಳ್ಳುವುದು ಲೇಸು.