ಕಿವಿಯೊಳಗಿನ ಜೀರುಂಡೆಗೆ ಫ್ಯಾನೋ, ಮೊಬೈಲ್ ಮಳೆಯೋ?

ದಾವಣಗೆರೆಯ ಹಳೇ ಊರಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಮದುವೆಯಾಗಿ ಬಂದು 21 ವರ್ಷ, ಅಂದಿನಿಂದ ನಾನೂ ಅದರ ಮುಂದೆ ನಿಂತಿದ್ದೇನೆ. ಗಿರಣಿ ನಿಲ್ಲಿಸಿದ ಮೇಲೆ ಕಿವಿಯಲ್ಲಿ ಸಣ್ಣಗೆ ‘ಕೀಂ’ ಅನ್ನೋದು, ರಾತ್ರಿ ಊಟದ ಹೊತ್ತಿಗೆ ತಾನೇ ಹೋಗೋದು ಮೊದಲಿಂದಲೂ ಇತ್ತು. ಎರಡು ವರ್ಷದ ಹಿಂದೆ ಗಣಪತಿ ಬಿಡುವ ದಿನ ಡಿಜೆ ಲಾರಿ ನಮ್ಮ ಬಾಗಿಲ ಮುಂದೆಯೇ ಅರ್ಧ ಗಂಟೆ ನಿಂತುಬಿಟ್ಟಿತು. ಶಟರ್ ಎಳೆದುಕೊಂಡು ಒಳಗೆ ಕೂತರೂ ತಗಡು ಗಡಗಡ ಅದುರುತ್ತಿತ್ತು. ಮರುದಿನ ಎದ್ದಾಗ ಆ ಕೀಂ ಹೋಗಿರಲಿಲ್ಲ. ಇವತ್ತಿಗೂ ಹೋಗಿಲ್ಲ. ಇದಕ್ಕೇ ಕಿವಿಮೊರೆತ ಅನ್ನುತ್ತಾರೆ.

ಕಿವಿ ಡಾಕ್ಟರು ಪರೀಕ್ಷೆ ಮಾಡಿಸಿ ಗ್ರಾಫ್ ತೋರಿಸಿದರು. 4000 ಹರ್ಟ್ಸ್ ಹತ್ತಿರ, ಅಂದರೆ ಕೀರಲು ಸದ್ದುಗಳ ಜಾಗದಲ್ಲಿ, ಗೆರೆ ಹಳ್ಳಕ್ಕಿಳಿದ ಹಾಗೆ ಇಳಿದಿತ್ತು. ಜೋರು ಸದ್ದಿನ ಪೆಟ್ಟು ಮೊದಲು ಕಾಣಿಸಿಕೊಳ್ಳುವುದು ಅಲ್ಲೇ ಅಂತೆ. ಒಳಗಿವಿಯ ಕೂದಲಿನಂಥ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಬರಬೇಕಾದ ಸದ್ದು ಬಾರದೆ ಹೋದಾಗ ಮಿದುಳು ತನ್ನ ವಾಲ್ಯೂಮನ್ನು ತಾನೇ ಏರಿಸಿಕೊಳ್ಳುತ್ತದೆ ಅಂತ ಅವರು ಬಿಡಿಸಿ ಹೇಳಿದರು. “ಇದನ್ನ ಅಳಿಸೋ ಮಾತ್ರೆ ಇಲ್ಲಮ್ಮ. ಹೊಂದಿಕೊಳ್ಳೋ ದಾರಿ ಅದಾವೆ.” ನಾನು ಹೋಗಿದ್ದೇ ಹತ್ತು ದಿನ ತಡವಾಗಿ. ಯಾರಿಗಾದರೂ ಇದ್ದಕ್ಕಿದ್ದ ಹಾಗೆ ಕಿವಿ ಕೇಳಿಸುವುದೇ ಕಮ್ಮಿಯಾದರೆ ಒಂದು ದಿನವೂ ಕಾಯಬೇಡಿ, ಅದಕ್ಕೆ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ಒಂದೇ ಕಿವಿಯಲ್ಲಿ ಸದ್ದು, ಅಥವಾ ನಾಡಿ ಬಡಿದ ಹಾಗೆ ಸದ್ದು ಬಂದರೂ ತೋರಿಸಲೇಬೇಕು.

ನನಗೆ ದೊಡ್ಡ ಕಷ್ಟ ರಾತ್ರಿಯದು. ಬೀದಿ ಮಲಗಿದ ಮೇಲೆ ಜೀರುಂಡೆ ಏಳುತ್ತದೆ. ಮೊದಲು ಮೊಬೈಲಿನಲ್ಲಿ ಮಳೆ ಸದ್ದು ಹಾಕಿಕೊಂಡೆ. ಮಗಳು ಹುಡುಕಿಕೊಟ್ಟ ಮಳೆ ಚೆನ್ನಾಗಿಯೇ ಇತ್ತು, ಒಂದು ವಾರ ನಿದ್ದೆಯೂ ಬಂತು. ಆಮೇಲೆ ಗೊತ್ತಾಯಿತು, ಆ ಮಳೆಯಲ್ಲಿ ಪ್ರತಿ ಸಲ ಅದೇ ಜಾಗಕ್ಕೆ ಒಂದು ಗುಡುಗು, ಅದರ ಹಿಂದೆ ಒಂದು ಹಕ್ಕಿ. ಒಮ್ಮೆ ಗೊತ್ತಾದ ಮೇಲೆ ಮುಗಿಯಿತು: ಕಣ್ಣು ಮುಚ್ಚಿಕೊಂಡು ಆ ಹಕ್ಕಿಗೇ ಕಾಯುತ್ತಾ ಮಲಗಿರುತ್ತಿದ್ದೆ. ಗುಡುಗಿಲ್ಲದ, ಬರೀ ‘ಶ್’ ಅನ್ನುವ ಸದ್ದಿಗೆ ಬದಲಾಯಿಸಿದ ಮೇಲೆ ವಾಸಿ. ಆದರೂ ದಿಂಬಿನ ಪಕ್ಕ ಮೊಬೈಲ್ ಇದ್ದರೆ ಎಚ್ಚರವಾದಾಗ ಕೈ ಅದಕ್ಕೇ ಹೋಗುತ್ತದೆ, ಬೆಳಕಿಗೆ ಇದ್ದ ನಿದ್ದೆಯೂ ಹೋಗುತ್ತದೆ.

ಟೇಬಲ್ ಫ್ಯಾನಿನದು ಒಂದೇ ಸಮನೆ ಸದ್ದು, ಕಾಯುವಂಥದ್ದು ಅದರಲ್ಲಿ ಏನೂ ಇಲ್ಲ. ನಮ್ಮ ಹಳೇ ಫ್ಯಾನನ್ನು ಗೋಡೆ ಕಡೆ ತಿರುಗಿಸಿ ಒಂದನೇ ನಂಬರಿಗೆ ಇಡುತ್ತೇನೆ, ಚಳಿಗಾಲದಲ್ಲೂ. ಅದರ ಒಂದೇ ಕೊರತೆ ಕರೆಂಟು. ನಡುರಾತ್ರಿ ಕರೆಂಟ್ ಹೋಗಿ ರೆಕ್ಕೆ ನಿಧಾನಕ್ಕೆ ನಿಂತಾಗ ಕೀಂ ಅನ್ನೋದು ಬಾಗಿಲು ಒದ್ದು ಒಳಗೆ ಬಂದಂತೆ ಬರುತ್ತದೆ. ಅದಕ್ಕೇ ಈಗ ಫ್ಯಾನು ನನ್ನ ಮೊದಲ ಆಯ್ಕೆ, ಮೊಬೈಲು ಕರೆಂಟ್ ಹೋದ ರಾತ್ರಿಗೆ ಮಾತ್ರ. ಆಕಾಶವಾಣಿ ಚಿತ್ರದುರ್ಗ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಜೊತೆಗಿದ್ದರೆ ಚೆಂದ, ಮಲಗುವುದಕ್ಕೆ ಆಗಿಬರಲಿಲ್ಲ. ಮಾತು ಬಂದರೆ ಮನಸ್ಸು ಅದರ ಹಿಂದೆ ಹೊರಡುತ್ತದೆ.

ಎಲ್ಲದರಲ್ಲೂ ನಾನು ಮಾಡಿದ ತಪ್ಪು ಒಂದೇ. ಕಿವಿಯ ಸದ್ದು ಮುಳುಗಿಹೋಗಲಿ ಅಂತ ಜೋರಾಗಿ ಇಡುತ್ತಿದ್ದೆ. ಕಿವಿ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಹುಡುಗಿ ತಿದ್ದಿದಳು: “ಅಮ್ಮಾ, ನಿಮ್ಮ ಕಿವಿ ಸದ್ದಿಗಿಂತ ಒಂದು ಚೂರು ಕೆಳಗೇ ಇಡಿ. ಎರಡೂ ಕೇಳಿಸಬೇಕು.” ಎರಡೂ ಕೇಳಿಸಿದರೇನೇ ಮಿದುಳು ಅದನ್ನು ಬೇಡದ ಸದ್ದು ಅಂತ ಬದಿಗಿಡುವುದನ್ನು ಕಲಿಯುತ್ತದಂತೆ. ಮೂರು ವಾರ ಹಿಡಿಯಿತು ನಂಬಿಕೆ ಬರಲು.

ಹಗಲಿನ ಮಾತು ಬೇರೆ. ನಮ್ಮ ಗಿರಣಿ ಪಕ್ಕ ಮೊಬೈಲಿನಲ್ಲಿ ಅಳೆದರೆ 90ರಿಂದ 94 ಡೆಸಿಬಲ್ ತೋರಿಸುತ್ತದೆ. 85ರಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಪ್ರತಿ 3 ಡೆಸಿಬಲ್ ಏರಿದರೆ ಹೊತ್ತು ಅರ್ಧ ಆಗುತ್ತದೆ ಅನ್ನುವುದು ಲೆಕ್ಕ. ಹಾಗೆ ನೋಡಿದರೆ 94ಕ್ಕೆ ನನ್ನ ಪಾಲು ಒಂದೇ ಗಂಟೆ. ಇಷ್ಟು ವರ್ಷ ನಾನು ಹತ್ತಿ ಇಟ್ಟುಕೊಂಡು ಧೈರ್ಯವಾಗಿದ್ದೆ. ಹತ್ತಿ ಹಿಟ್ಟು ತಡೆಯುತ್ತದೆ, ಸದ್ದನ್ನು ತಡೆಯುವುದಿಲ್ಲ.

ಕಿವಿಯೊಳಗೆ ಹಾಕುವ ಸ್ಪಂಜಿನ ಪ್ಲಗ್ ಮತ್ತು ಕಿವಿ ಮೇಲೆ ಕೂರುವ ದೊಡ್ಡ ಮಫ್ ಎರಡನ್ನೂ ಮೂರು ಮೂರು ತಿಂಗಳು ನೋಡಿದೆ. ಪ್ಲಗ್ ಚೆನ್ನಾಗಿ ಕೂತರೆ ಅದನ್ನು ಮೀರಿಸಿದ್ದಿಲ್ಲ, ಕೂರದಿದ್ದರೆ ಹತ್ತಿಗೆ ಸಮ. ಬೆರಳಲ್ಲಿ ತೆಳ್ಳಗೆ ಬತ್ತಿಯ ಹಾಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ತಳ್ಳಿ, 30 ಎಣಿಸುವ ತನಕ ಬೆರಳು ತೆಗೆಯಬಾರದು. ನಮ್ಮ ದನಿ ನಮಗೇ ಕೊಡದೊಳಗಿಂದ ಬಂದಂತೆ ಕೇಳಿದರೆ ಸರಿಯಾಗಿ ಕೂತಿದೆ ಅಂತ. ಹಿಟ್ಟಿನ ಕೈಯಲ್ಲಿ ಮುಟ್ಟಿ ಎರಡು ಸಲ ಕಿವಿ ನವೆಯಾಯಿತು. ಈಗ ಕೈ ತೊಳೆದೇ ಹಾಕುವುದು, ತೆಗೆದಿಡಲು ಒಂದು ಸಣ್ಣ ಸ್ಟೀಲ್ ಡಬ್ಬಿ.

ಮಫ್ ಹಾಕೋದು ತೆಗೆಯೋದು ಸಲೀಸು. ಗಿರಾಕಿ ಬಂದು “ಅಕ್ಕಾ, ಜೋಳ ಸ್ವಲ್ಪ ತರಿ ಇರ್ಲಿ” ಅಂದಾಗ ಒಂದು ಕಡೆ ಎತ್ತಿದರೆ ಸಾಕು. ಆದರೆ ಓಲೆ ಒತ್ತುತ್ತದೆ, ಕನ್ನಡಕದ ಕಡ್ಡಿ ಹಾದುಹೋಗುವ ಸಂದಿಯಲ್ಲಿ ಸದ್ದು ನುಗ್ಗುತ್ತದೆ, ಬೇಸಿಗೆಯಲ್ಲಿ ಬೆವರು ಕುತ್ತಿಗೆಗೆ ಇಳಿಯುತ್ತದೆ. ಬೆಳಗಿನ ಜೋಳ-ಗೋಧಿ ಸಾಲಿಗೆ ನಾನು ಪ್ಲಗ್ ಕಡೆ, ಹತ್ತು ನಿಮಿಷದ ಖಾರದಪುಡಿ ಕೆಲಸಕ್ಕೆ ಮಫ್. ಎರಡನ್ನೂ ಒಟ್ಟಿಗೆ ಹಾಕಿದರೆ ಎರಡರ ಬಲವೂ ಕೂಡುತ್ತದೆ ಅಂದುಕೊಂಡಿದ್ದೆ. ಹೆಚ್ಚಿಗೆ ಸಿಗುವುದು ಸುಮಾರು 5 ಡೆಸಿಬಲ್ ಅಷ್ಟೇ. ಆದರೂ ಗಣಪತಿ ಮೆರವಣಿಗೆಯ ದಿನ ಎರಡೂ ಹಾಕುತ್ತೇನೆ, ಹಿತ್ತಲ ಕೋಣೆಗೆ ಹೋಗಿ ಕೂರುತ್ತೇನೆ.

ಒಂದು ಎಚ್ಚರಿಕೆ ಹೇಳಲೇಬೇಕು. ಹೆದರಿಕೆಗೆ ನಾನು ಮನೆಯೊಳಗೂ ಪ್ಲಗ್ ಹಾಕಿಕೊಂಡೇ ಓಡಾಡತೊಡಗಿದ್ದೆ. ಒಂದು ತಿಂಗಳಲ್ಲಿ ಸ್ಟೀಲ್ ತಟ್ಟೆ ಇಟ್ಟ ಸದ್ದಿಗೂ ಬೆಚ್ಚಿಬೀಳುವಂತಾಯಿತು, ಕೀಂ ಇನ್ನೂ ಏರಿತು. ಪ್ಲಗ್ ಇರುವುದು ಗದ್ದಲಕ್ಕೆ. ಮನೆಯಲ್ಲಿ ಕಿವಿಗೆ ಸದ್ದು ಬೇಕು.

ಅತ್ತೆ ಪ್ರೀತಿಯಿಂದ ಕಾಸಿಕೊಟ್ಟ ಬೆಳ್ಳುಳ್ಳಿ ಎಣ್ಣೆಯನ್ನು ಡಾಕ್ಟರು ಬೇಡ ಅಂದರು, ಕಿವಿಯ ತಮಟೆಯಲ್ಲಿ ತೂತಿದ್ದರೆ ಅಪಾಯ. ಗಿಂಕೋ ಅನ್ನುವ ಮರದ ಎಲೆಯ ಸಾರದ ಮಾತ್ರೆ ಎರಡು ತಿಂಗಳು ನುಂಗಿದೆ, ಏನೂ ಆಗಲಿಲ್ಲ. ಅಮೆರಿಕದ ಕಿವಿ ತಜ್ಞರ ಸಂಘ 2014ರಲ್ಲೇ ಇದಕ್ಕೆ ಗಿಂಕೋ, ಝಿಂಕ್ ಶಿಫಾರಸು ಮಾಡಬೇಡಿ ಅಂದಿದೆ ಅಂತ ಆಮೇಲೆ ಓದಿದೆ. ಆ ದುಡ್ಡನ್ನು ಕೌನ್ಸೆಲಿಂಗಿಗೆ ಹಾಕಬೇಕಿತ್ತು.

ಕೌನ್ಸೆಲಿಂಗ್ ಅಂದಾಗ ನಮ್ಮ ಯಜಮಾನರು “ಕಿವಿಗೆ ಬಂದಿದ್ದಕ್ಕೆ ಮನಸ್ಸಿನ ಡಾಕ್ಟರ್ ಯಾಕೆ?” ಅಂದಿದ್ದರು. ಕಿವಿಮೊರೆತದ ಸಂಕಟ ತಗ್ಗಿಸಲು ಹೆಚ್ಚು ಪುರಾವೆ ಇರುವುದು ಸಿಬಿಟಿ ಅನ್ನುವ ಈ ಮಾತಿನ ಚಿಕಿತ್ಸೆಗೇ. ಎಂಟು ವಾರ ಹೋದೆ. ರಾತ್ರಿ ಎರಡು ಗಂಟೆಗೆ ತಲೆಯಲ್ಲಿ ಏನು ಓಡುತ್ತದೋ ಅದನ್ನು ಬರೆಯಲು ಹೇಳಿದರು. ‘ಸಾಯೋ ತನಕ ಹಿಂಗೇನಾ’ ಅಂತ ಬರೆದು, ಮಾರನೇ ದಿನ ಬೆಳಕಿನಲ್ಲಿ ಓದಿದಾಗ ಅತ್ತುಬಿಟ್ಟೆ. ಸದ್ದು ಒಂದು ಚೂರೂ ಕಮ್ಮಿಯಾಗಿಲ್ಲ. ಅದಕ್ಕೆ ನಾನು ಹೆದರುವುದು ಕಮ್ಮಿಯಾಗಿದೆ. ಕಳೆದ ವಾರ ನಡುರಾತ್ರಿ ಕರೆಂಟ್ ಹೋಯಿತು, ಫ್ಯಾನು ನಿಂತಿತು, ಕೀಂ ಬಂತು. ಮಗ್ಗಲು ಬದಲಿಸಿದ್ದು ನೆನಪಿದೆ. ಕರೆಂಟ್ ಬಂದಿದ್ದು ನಾಲ್ಕು ಗಂಟೆಗೆ ಅಂತ ಬೆಳಿಗ್ಗೆ ಯಜಮಾನರು ಹೇಳಿದ ಮೇಲೇ ನನಗೆ ಗೊತ್ತಾಗಿದ್ದು.