ಮೋಟಾರ್ ಆಮೇಲೆ, ಮೊದಲು ಟೂಲ್ಸ್ ತೋರಿಸಿ: ಮೂರು ಹಳೇ ವ್ಯಾಕ್ಯೂಮ್ ಕ್ಲೀನರ್‌ಗಳು

ಹಳೇ ವ್ಯಾಕ್ಯೂಮ್ ಕ್ಲೀನರ್ ಕೊಳ್ಳಲು ಬಂದವರು ಮೊದಲು ಪ್ಲಗ್ ಚುಚ್ಚಿ ಮೋಟಾರ್ ಓಡುತ್ತದೋ ಇಲ್ಲವೋ ನೋಡುತ್ತಾರೆ. ನಾನು ಮೊದಲು ಕೇಳುವುದು "ಟೂಲ್ಸ್ ಎಲ್ಲಿವೆ?" ಅಂತ. ಮೋಟಾರ್ ಸುಟ್ಟಿದ್ದರೆ ಅದೇ ಮಾಡೆಲ್ಲಿನ ಇನ್ನೊಂದು ಗುಜರಿ ಮೆಷಿನ್ನಿನಿಂದ ಕಿತ್ತು ಹಾಕಬಹುದು. ಆದರೆ ಕೂದಲು ಉದುರದ ಬ್ರಷ್ಷು, ಬಿರುಕಿಲ್ಲದ ಹೋಸು, ಬಟನ್ ಒತ್ತಿದರೆ ಇನ್ನೂ ಟಕ್ ಅಂತ ಕೂರುವ ಸ್ಟೀಲ್ ಪೈಪು, ಇವೆಲ್ಲ ಒಂದು ಸಲ ಚದುರಿ ಹೋದರೆ ಮತ್ತೆ ಒಂದೇ ಕಡೆ ಸಿಗುವ ಮಾತಿಲ್ಲ. ಅದಕ್ಕೇ ಇಲ್ಲಿ ಮೆಷಿನ್ನಿಗಿಂತ ಅದರ ಜೊತೆ ಬಂದ ಸಾಮಾನುಗಳ ಬಗ್ಗೆ ಹೆಚ್ಚು ಬರೆಯುತ್ತಿದ್ದೇನೆ.

ನಾವಿರುವುದು ಅಮೆರಿಕದ ಒಹಾಯೊದಲ್ಲಿ, ಆಕ್ರನ್ ಊರಲ್ಲಿ. ಈ ಹುಚ್ಚಿಗೆ ಹೇಳಿ ಮಾಡಿಸಿದ ಜಾಗ. ದಕ್ಷಿಣಕ್ಕೆ ಅರ್ಧ ಗಂಟೆ ಕಾರಲ್ಲಿ ಹೋದರೆ ಕ್ಯಾಂಟನ್. ಅಲ್ಲಿನ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್‌ಗೆ ಅಸ್ತಮಾ. ಧೂಳು ತಡೆಯಲಾರದೆ ಫ್ಯಾನಿನ ಮೋಟಾರು, ಪೊರಕೆ ಹಿಡಿ, ದಿಂಬಿನ ಚೀಲ ಸೇರಿಸಿ ಒಂದು ಯಂತ್ರ ಕಟ್ಟಿದ. 1908ರಲ್ಲಿ ಪೇಟೆಂಟ್ ಸಿಕ್ಕಿತು. ಚರ್ಮದ ಸಾಮಾನಿನ ವ್ಯಾಪಾರಿ ವಿಲಿಯಂ ಹೂವರ್ ಅದನ್ನು ಕೊಂಡು ಕಾರ್ಖಾನೆ ಶುರು ಮಾಡಿದ. ಹೂವರ್‌ನ ಆ ಮೊದಲ ಮಾಡೆಲ್ಲಿಗೇ ಬಟ್ಟೆ ಚೀಲದ ಜೊತೆ ಅಟ್ಯಾಚ್‌ಮೆಂಟುಗಳೂ ಇದ್ದವು ಅನ್ನುವುದು ನನ್ನ ಪಕ್ಷಕ್ಕೆ ದೊಡ್ಡ ಬಲ. ನಾರ್ತ್ ಕ್ಯಾಂಟನ್‌ನಲ್ಲಿ ಹೂವರ್ ಬಾಲ್ಯ ಕಳೆದ ಮನೆಯನ್ನೇ ಮ್ಯೂಸಿಯಂ ಮಾಡಿದ್ದಾರೆ. ಇತ್ತ ಉತ್ತರಕ್ಕೆ ಹೋದರೆ ಕ್ಲೀವ್‌ಲ್ಯಾಂಡ್, ಕರ್ಬಿ ಅನ್ನುವ ವ್ಯಾಕ್ಯೂಮ್ ಕಂಪನಿಯ ತವರು. ಹೀಗಾಗಿ ಇಲ್ಲಿ ಯಾವ ಎಸ್ಟೇಟ್ ಸೇಲಿಗೆ ಹೋದರೂ ಬೇಸ್‌ಮೆಂಟಿನ ಮೂಲೆಯಲ್ಲಿ ಒಂದಾದರೂ ವ್ಯಾಕ್ಯೂಮ್ ನಿಂತಿರುತ್ತದೆ. ಎಸ್ಟೇಟ್ ಸೇಲ್ ಅಂದರೆ ಮನೆಯ ಹಿರಿಯರು ತೀರಿಕೊಂಡ ಮೇಲೆಯೋ ವೃದ್ಧಾಶ್ರಮಕ್ಕೆ ಹೋದ ಮೇಲೆಯೋ ಮನೆಯೊಳಗಿನ ಸಕಲವನ್ನೂ ಚೀಟಿ ಅಂಟಿಸಿ ಮಾರುವುದು. ಮೊದಮೊದಲು ಒಳಗೆ ಕಾಲಿಡಲು ನನಗೆ ಒಂಥರಾ ಆಗುತ್ತಿತ್ತು. ಈಗ ಬಾಗಿಲು ತೆಗೆಯುವ ಮುಂಚೆಯೇ ಸಾಲಲ್ಲಿ ನಿಂತಿರುತ್ತೇನೆ.

ಟೂಲ್ಸ್ ಪೆಟ್ಟಿಗೆ ಬಿಚ್ಚಿದಾಗ ನಾನು ನೋಡುವುದು ಸವೆತ. ಸೋಫಾ ನಾಜಲ್ಲಿನ ಬಲ ಅಂಚು ಮಾತ್ರ ಸವೆದಿದ್ದರೆ ಆ ಮನೆಯಾಕೆ ಅದನ್ನು ನಿಜವಾಗಿ ಬಳಸಿದ್ದಾಳೆ. ಸಂದಿಗೆ ತೂರಿಸುವ ಚಪ್ಪಟೆ ನಾಜಲ್ಲಿನ ತುದಿ ಎಲ್ಲ ಪೆಟ್ಟಿಗೆಗಳಲ್ಲೂ ಗೀರು ಗೀರು. ನೆಲಕ್ಕೆ ವ್ಯಾಕ್ಸ್ ಹಾಕುವುದು, ಪೇಂಟ್ ಸಿಂಪಡಿಸುವ ಗಾಜಿನ ಜಾಡಿ, ಇವು ಮಾತ್ರ ಮದುವೆಯಲ್ಲಿ ಬಂದ ಉಡುಗೊರೆಗಳ ಹಾಗೆ ಹೊಸದಾಗಿಯೇ ಕೂತಿರುತ್ತವೆ. ಸೇಲ್ಸ್‌ಮನ್ ಹೊಗಳಿ ಮಾರಿದ್ದು ಯಾವುದು, ಮನೆಯವರಿಗೆ ಬೇಕಾಗಿದ್ದು ಯಾವುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮೊದಲು ಕರ್ಬಿ. ನನ್ನದು 1960ರ ದಶಕದ ಕೊನೆಯದು. ಮೈಯೆಲ್ಲ ಅಚ್ಚಿನಲ್ಲಿ ಎರಕ ಹೊಯ್ದ ಅಲ್ಯೂಮಿನಿಯಂ. ಒಮ್ಮೆ ಪಾಲಿಶ್ ಮಾಡಿದರೆ ಮುಖ ಕಾಣಿಸುತ್ತದೆ. ಮುಂದೆ ದೀಪ ಬೇರೆ. ಕಂಪನಿಯ ವಾದ ಏನೆಂದರೆ ಇದು ವ್ಯಾಕ್ಯೂಮ್ ಒಂದೇ ಅಲ್ಲ, ಮನೆಗೆಲಸದ ಪೂರ್ತಿ ಸೆಟ್ಟು. ಕಾರ್ಪೆಟ್ ಗುಡಿಸುವ ಮುಂದಿನ ಮೂತಿ ತೆಗೆದು ಹೋಸ್ ಸಿಕ್ಕಿಸಿದರೆ ಸೋಫಾ, ಪರದೆ. ಚೀಲ ತೆಗೆದು ಹಿಂದಕ್ಕೆ ಹೋಸ್ ಕೊಟ್ಟರೆ ಗಾಳಿ ಊದುತ್ತದೆ. ನೆಲ ಪಾಲಿಶ್ ಮಾಡುವ ಬ್ರಷ್ ಬೇರೆ, ಕಾರ್ಪೆಟ್ಟಿಗೆ ಶಾಂಪೂ ಹಾಕುವುದು ಬೇರೆ. ಇವೆಲ್ಲಕ್ಕೆ ಕಿರೀಟ ಇಟ್ಟಂತೆ ಹ್ಯಾಂಡಿ-ಬಟ್ಲರ್ ಅನ್ನುವ ಒಂದು ವಸ್ತು. ಅದನ್ನು ಮೆಷಿನ್ನಿನ ಮುಂದೆ ಕೂರಿಸಿದರೆ ವ್ಯಾಕ್ಯೂಮಿನ ಮೋಟಾರೇ ಚಾಕು ಸಾಣೆ ಹಿಡಿಯುತ್ತದೆ, ಉಜ್ಜಿ ಹೊಳಪು ಕೊಡುತ್ತದೆ, ಮರಕ್ಕೆ ತೂತು ಕೊರೆಯುತ್ತದೆ. ನಾನು ಈಳಿಗೆಮಣೆಯ ಅಲಗು ಬಿಚ್ಚಿ ಇದರಲ್ಲೇ ಸಾಣೆ ಕೊಟ್ಟೆ. ಕೆಲಸ ಅಚ್ಚುಕಟ್ಟು. ಆದರೆ ಬೇಸ್‌ಮೆಂಟಿನಲ್ಲಿ ನಮ್ಮವರು ಇಟ್ಟಿರುವ ಗ್ರೈಂಡರ್ ಇದೇ ಕೆಲಸವನ್ನು ಯಾವ ಜೋಡಣೆಯೂ ಇಲ್ಲದೆ ಮಾಡುತ್ತದೆ ಅಂತ ಅವರು ನೆನಪಿಸದೆ ಬಿಡಲಿಲ್ಲ.

ಕರ್ಬಿಯ ತೊಂದರೆ ಇರುವುದು ಬದಲಾಯಿಸುವ ಕೆಲಸದಲ್ಲಿ. ಕಾರ್ಪೆಟ್ ಗುಡಿಸುತ್ತಾ ಇದ್ದೀರಿ, ಮೂಲೆಯ ಸಂದಿಯಲ್ಲಿ ಧೂಳು ಕಂಡಿತು ಅನ್ನಿ. ಆಫ್ ಮಾಡಬೇಕು, ದೀಪದ ಮುಚ್ಚಳ ಎತ್ತಬೇಕು, ಬೆಲ್ಟ್ ಲಿಫ್ಟರ್ ತಿರುಗಿಸಿ ಬ್ರಷ್ ತಿರುಗಿಸುವ ಬೆಲ್ಟನ್ನು ಮೋಟಾರಿನ ಕಡ್ಡಿಯಿಂದ ಬಿಡಿಸಬೇಕು, ಲಾಕ್ ತೆಗೆದು ಮೂತಿ ಇಳಿಸಬೇಕು, ಹೋಸ್ ಕೂರಿಸಬೇಕು, ಆಮೇಲೆ ಪೈಪು, ಆಮೇಲೆ ನಾಜಲ್ಲು. ಅಷ್ಟರಲ್ಲಿ ಕೈಯಲ್ಲಿ ಒಂದು ಬಟ್ಟೆ ಇದ್ದವಳು ಒರೆಸಿ, ಕಾಫಿ ಕುಡಿದು, ಲೋಟ ತೊಳೆದಿರುತ್ತಾಳೆ. ಇನ್ನೊಂದು ಮಾತು: ಹಳೇ ಕರ್ಬಿಯಲ್ಲಿ ಮೂತಿ ಇಳಿಸಿದರೆ ಫ್ಯಾನ್ ಬಾಯಿ ತೆರೆದುಕೊಂಡು ಕೂತಿರುತ್ತದೆ. ಪ್ಲಗ್ ಕಿತ್ತೇ ಈ ಕೆಲಸ ಮಾಡಿ, ಸ್ವಿಚ್ಚನ್ನು ನಂಬಬೇಡಿ.

ಅದರ ಹೋಸ್ ಟೂಲುಗಳ ಬಗ್ಗೆ ನನಗೆ ಇನ್ನೊಂದು ತಕರಾರಿದೆ, ಇದು ಸ್ವಲ್ಪ ಗಾಳಿಯ ಲೆಕ್ಕ. ಕರ್ಬಿಯಲ್ಲಿ ಒಂದೇ ದೊಡ್ಡ ಫ್ಯಾನ್. ಅದು ಬಹಳ ಗಾಳಿ ಸಾಗಿಸುತ್ತದೆ, ಆದರೆ ಎಳೆತದ ಬಿಗಿ ಕಮ್ಮಿ. ಅಗಲ ಬಾಯಿ ಇರುವ ಕಾರ್ಪೆಟ್ ಮೂತಿಗೆ ಇದು ಪರಮಾಯಿಶಿ. ತಿರುಗುವ ಬ್ರಷ್ಷು ಧೂಳೆಬ್ಬಿಸುತ್ತದೆ, ಧಾರಾಳ ಗಾಳಿ ಹೊತ್ತೊಯ್ಯುತ್ತದೆ. ಅದೇ ಗಾಳಿಯನ್ನು ಉದ್ದದ ಹೋಸು, ಕಿರಿದಾದ ಬಾಯಿಯ ಮೂಲಕ ಎಳೆಯಿರಿ ಅಂದರೆ ಸೊರಗುತ್ತದೆ. ಸಾಲದ್ದಕ್ಕೆ ಕರ್ಬಿಯಲ್ಲಿ ಕಸ ಮೊದಲು ಫ್ಯಾನಿಗೆ ಬಡಿದು ಆಮೇಲೆ ಚೀಲ ಸೇರುತ್ತದೆ. ಸಂದಿಯಿಂದ ಒಂದು ಮೊಳೆಯೋ ಚಿಲ್ಲರೆ ಕಾಸೋ ಬಂದರೆ ಫ್ಯಾನಿನ ರೆಕ್ಕೆಗೆ ಏಟು. ಹಾಗಾಗಿ ಕರ್ಬಿಯನ್ನು ಕಾರ್ಪೆಟ್ಟಿಗೆ ಇಟ್ಟುಕೊಳ್ಳಿ. ಪೆಟ್ಟಿಗೆಯನ್ನು ಬಂದವರಿಗೆ ತೋರಿಸಲು ಇಟ್ಟುಕೊಳ್ಳಿ.

ಈಗ ಎಲೆಕ್ಟ್ರೋಲಕ್ಸ್. ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ, ನಾನು ದಿನಾ ಎಳೆದಾಡುವುದು ಇದನ್ನೇ. ಸಂಗ್ರಹಕಾರರು ಮುಗಿಬೀಳುವುದು ಮಾಡೆಲ್ XXXಗೆ. 1937ರಲ್ಲಿ ಲುರೆಲ್ ಗಿಲ್ಡ್ ಅನ್ನುವ ವಿನ್ಯಾಸಕಾರ ರೂಪ ಕೊಟ್ಟದ್ದು. ನೆಲದ ಮೇಲೆ ಜಾರುವ ಎರಡು ಪಟ್ಟಿಗಳ ಮೇಲೆ ಮಲಗಿದ ರೈಲು ಇಂಜಿನ್ನಿನಂತಿದೆ, ಶೋಕೇಸಿಗೆ ಚೆನ್ನ. ನನ್ನ ಬಳಿ ಇರುವುದು 1960ರ ದಶಕದ್ದು. ಚೀಲ ತುಂಬಿದರೆ ತಾನೇ ನಿಂತು ಮುಂದಿನ ಬಾಗಿಲು ತೆರೆದುಕೊಳ್ಳುತ್ತದೆ. 20 ಡಾಲರ್ ಕೊಟ್ಟೆ, ಟೂಲುಗಳೆಲ್ಲ ಜೊತೆಗಿದ್ದವು.

ಇದರ ನೆಲದ ನಾಜಲ್ ಎರಡು ಮುಖದ್ದು. ಒಂದು ಕಡೆ ಕಾರ್ಪೆಟ್ಟಿಗೆ, ಮಗುಚಿದರೆ ಬರಿ ನೆಲಕ್ಕೆ ಬ್ರಷ್ಷು. ಬಗ್ಗಬೇಕಿಲ್ಲ, ಪೈಪನ್ನು ಅರ್ಧ ಸುತ್ತು ತಿರುಗಿಸಿದರೆ ಆಯಿತು. ಹಾಲಿನಿಂದ ಅಡಿಗೆಮನೆಗೆ ದಾಟುವಾಗ ಹೊಸ್ತಿಲಲ್ಲಿ ಒಂದು ತಿರುವು, ಅಷ್ಟೇ. ಸೋಫಾ ನಾಜಲ್ಲೂ ಇದೇ ಬುದ್ಧಿಯದು: ಅದರ ಮೇಲೆಯೇ ಬ್ರಷ್ ಜಾರಿಸಿ ಕೂರಿಸಿದರೆ ಅದೇ ಡಸ್ಟಿಂಗ್ ಬ್ರಷ್. ಎರಡು ಟೂಲು ಒಂದೇ ಹಿಡಿಯಲ್ಲಿ. ಪೈಪುಗಳು ಬಟನ್ನಿನಿಂದ ಲಾಕ್ ಆಗುತ್ತವೆ. ಈಗಿನವುಗಳಲ್ಲಿ ಪರದೆ ಮೇಲಿನ ಧೂಳು ತೆಗೆಯಲು ಕೈ ಎತ್ತಿದರೆ ನಾಜಲ್ ಕಳಚಿ ತಲೆ ಮೇಲೆ ಬೀಳುತ್ತದೆ. ಇದರಲ್ಲಿ ಆ ಮಾತೇ ಇಲ್ಲ. ಫ್ಯಾನ್ ಎರಡು ಹಂತದ್ದು, ಅದೂ ಚೀಲದ ಆಚೆ ಕಡೆ. ಎಳೆತ ಬಿಗಿ, ಫ್ಯಾನಿಗೆ ತಲುಪುವುದು ಶೋಧಿಸಿದ ಗಾಳಿ. ಬಿಸಿಗಾಳಿ ಬರುವ ನೆಲದ ಜಾಲರಿಗಳ ಒಳಗಿನ ಧೂಳು, ದಿವಾನ್ ಹಿಂದಿನ ಸಂದಿ, ಇಂಥ ಕಡೆ ಕರ್ಬಿ ಏದುಸಿರು ಬಿಡುವಾಗ ಇದು ಸರ್ರನೆ ಎಳೆದುಕೊಳ್ಳುತ್ತದೆ.

ಆದರೆ ಇದರಲ್ಲಿ ನನ್ನ ಮನಸ್ಸು ಗೆದ್ದದ್ದು ಆ ಬ್ರಷ್ಷಿನ ಕೂದಲು. ಹಳೇ ಡಸ್ಟಿಂಗ್ ಬ್ರಷ್ಷುಗಳಲ್ಲಿ ಕುದುರೆ ಕೂದಲು ಹಾಕುತ್ತಿದ್ದರು. ಮೆತ್ತಗಿದ್ದೂ ಬಾಗಿ ಎದ್ದು ನಿಲ್ಲುತ್ತದೆ. ನವರಾತ್ರಿಗೆ ಮುಂಚೆ ನಮ್ಮ ಬೊಂಬೆಗಳು ಪೆಟ್ಟಿಗೆಯಿಂದ ಹೊರಗೆ ಬಂದಾಗ ಅವುಗಳ ಧೂಳು ತೆಗೆಯುವುದು ದೊಡ್ಡ ಕೆಲಸ. ಪಟ್ಟದ ಬೊಂಬೆಗಳ ಜರತಾರಿ ಸೀರೆ, ಮಣ್ಣಿನ ಬೊಂಬೆಗಳ ಮೂಗು, ಕಿರುಬೆರಳು, ಚನ್ನಪಟ್ಟಣದ ಬೊಂಬೆಗಳ ಅರಗಿನ ಹೊಳಪು. ಗಟ್ಟಿ ನೈಲಾನ್ ಬ್ರಷ್ ತಾಗಿಸಲು ಧೈರ್ಯ ಸಾಲದು. ಎಲೆಕ್ಟ್ರೋಲಕ್ಸಿನದು ಸೀರೆಯ ನೆರಿಗೆಗೂ ಇಳಿದು ಧೂಳು ತರುತ್ತದೆ. ಒಂದು ಉಪಾಯ ಹೇಳಿಕೊಡುತ್ತೇನೆ: ಬ್ರಷ್ಷಿನ ಬಾಯಿಗೆ ಹಳೇ ಮಲ್‌ಮಲ್ ಬಟ್ಟೆಯ ತುಂಡು ಕಟ್ಟಿ. ಕೃಷ್ಣನ ಕೊಳಲೋ ಚೆಟ್ಟಿಯಾರಮ್ಮನ ಮೂಗುತಿಯೋ ಕಳಚಿದರೆ ಬಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಚೀಲ ಬಗೆದು ಹುಡುಕುವ ಗೋಳಿಲ್ಲ. ಕುದುರೆ ಕೂದಲಿನ ಶತ್ರು ನುಸಿ. ಕೊಳ್ಳುವ ಮುಂಚೆ ಬ್ರಷ್ಷನ್ನು ಬಿಳಿ ಹಾಳೆಯ ಮೇಲೆ ತಟ್ಟಿ ನೋಡಿ. ಕೂದಲಿನ ಚೂರು, ಹುಳದ ಪೊರೆ ಬಿದ್ದರೆ ಅಲ್ಲೇ ಬಿಟ್ಟು ಬನ್ನಿ, ಮನೆಯ ರೇಷ್ಮೆ ಸೀರೆಗಳಿಗೆ ನೆಂಟರನ್ನು ಕರೆದುಕೊಂಡು ಬರಬೇಡಿ.

ಮೂರನೆಯದು ಹೂವರ್ ಕಾನ್‌ಸ್ಟಲೇಶನ್. 1950ರ ದಶಕದ ಗುಂಡನೆಯ ಚೆಂಡು. ಹೊರಬರುವ ಗಾಳಿ ಬುಡದಿಂದ ಊದಿ ಮೆಷಿನ್ನನ್ನೇ ನೆಲದಿಂದ ಒಂದು ಕೂದಲೆಳೆ ಎತ್ತುತ್ತದೆ, ಚಕ್ರವೇ ಬೇಡ. ನಯವಾದ ನೆಲದಲ್ಲಿ ಬೆರಳಲ್ಲಿ ತಳ್ಳಿದರೂ ತೇಲಿ ಹೋಗುತ್ತದೆ. ಬಂದ ಮಕ್ಕಳೆಲ್ಲ ಇದರ ಹಿಂದೆಯೇ. ಉದ್ದ ಕೂದಲಿನ ಕಾರ್ಪೆಟ್ ಮೇಲೆ ಗಾಳಿ ಪಕ್ಕದಿಂದ ಸೋರಿಹೋಗಿ ಚೆಂಡು ಕೂತುಬಿಡುತ್ತದೆ. ಟೂಲುಗಳು ಎಲ್ಲರಲ್ಲೂ ಇರುವಂಥವೇ, ಹೊಗಳಲೂ ತೆಗಳಲೂ ಏನಿಲ್ಲ. ಹೋಸ್ ಮಾತ್ರ ಬೇರೆ: ಎಳೆದರೆ ಉದ್ದವಾಗುತ್ತದೆ, ಬಿಟ್ಟರೆ ಮುದುಡುತ್ತದೆ, ಮೆಷಿನ್ನಿನ ನೆತ್ತಿಯ ಮೇಲೆ ಸುತ್ತಲೂ ತಿರುಗುತ್ತದೆ. ರೂಮಿನ ನಡುವೆ ಒಂದು ಕಡೆ ಇಟ್ಟು ನಾಲ್ಕು ಮೂಲೆಗೂ ಹೋಗಿಬರಬಹುದು. ನೋಡಲು ಕೊಳ್ಳುವುದಾದರೆ ಇದು, ಗುಡಿಸಲು ಕೊಳ್ಳುವುದಾದರೆ ಎಲೆಕ್ಟ್ರೋಲಕ್ಸ್.

ಈ ಎಲೆಕ್ಟ್ರೋಲಕ್ಸ್ ಪೆಟ್ಟಿಗೆ ಮೊದಲ ಸಲ ಬಿಚ್ಚಿದಾಗಲೇ ನನಗೆ ಗುರುತಿನ ಮುಖ ಕಂಡ ಹಾಗಾಗಿತ್ತು. ಮೈಸೂರಿನಲ್ಲಿ ಅಮ್ಮನ ಬಳಿ ಯೂರೋಕ್ಲೀನ್ ಇತ್ತು. ಅದನ್ನು ಮಾರಿದ ಯುರೇಕಾ ಫೋರ್ಬ್ಸ್ 1982ರಲ್ಲಿ ಶುರುವಾದದ್ದೇ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಜೊತೆಗೂಡಿ. ಅಮೆರಿಕದ ಎಲೆಕ್ಟ್ರೋಲಕ್ಸೂ ಮನೆಬಾಗಿಲಿಗೆ ಬಂದೇ ಮಾರಿಕೊಂಡದ್ದು, ಇಲ್ಲಿನವರೂ ಟೈ ಕಟ್ಟಿ ಬಂದೇ ಹಾಸಿಗೆಯ ಧೂಳು ತೆಗೆದು ಅಮ್ಮಂದಿರಿಗೆ ತೋರಿಸಿ ನಾಚಿಕೆ ಹುಟ್ಟಿಸಿದ್ದು. ಒಂದೇ ವ್ಯತ್ಯಾಸ, ನಮ್ಮ ಮನೆ ಕೆಂಪು ಗಾರೆ ನೆಲಕ್ಕೆ ಕಾರ್ಪೆಟ್ ನಾಜಲ್ ಇಟ್ಟುಕೊಂಡು ಏನು ಮಾಡುವುದು? ಅದು ಅಟ್ಟ ಸೇರಿತು. ಕಿಟಕಿಯ ಸೊಳ್ಳೆ ಪರದೆಗೆ ಬ್ರಷ್ಷು, ದೇವರ ಮನೆಯ ಫೋಟೋ ಹಿಂದಿನ ಜೇಡರ ಬಲೆಗೆ ಚಪ್ಪಟೆ ನಾಜಲ್ಲು, ಟ್ರಂಕುಗಳ ಅಡಿಗೆ ಉದ್ದ ಪೈಪು. ಮೂರೇ ಟೂಲು ಜೀವಮಾನವಿಡೀ ದುಡಿದವು.

ತಂಗಿ ಈಗಲೂ ಮೈಸೂರಲ್ಲಿದ್ದಾಳೆ. ಫೋನಿನಲ್ಲಿ ಕೇಳಿದಳು: "ಅಕ್ಕ, ಮುಂದಿನ ಸಲ ಬರುವಾಗ ನನಗೂ ಒಂದು ಎಲೆಕ್ಟ್ರೋಲಕ್ಸ್ ಹಿಡಿದುಕೊಂಡು ಬರ್ತೀಯಾ?" ಬರಲ್ಲ ಕಣೇ ಅಂದೆ. ಇಲ್ಲಿನ ಮೋಟಾರ್ 120 ವೋಲ್ಟಿನದು, ಅಲ್ಲಿನ 230ಕ್ಕೆ ನೇರ ಚುಚ್ಚಿದರೆ ಹೊಗೆಯೇ ಗತಿ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ಓಡುತ್ತದೆ, ಆದರೆ ಆ ಟ್ರಾನ್ಸ್‌ಫಾರ್ಮರನ್ನು ರೂಮಿಂದ ರೂಮಿಗೆ ಹೊರುವವರು ಯಾರು? ಬರಿ ಟೂಲು ತರುತ್ತೇನೆ ಅಂದಿದ್ದೇನೆ. ಈಗಿನ ಪೈಪುಗಳಲ್ಲಿ ಹೆಚ್ಚಿನವು 32 ಅಥವಾ 35 ಮಿಲಿಮೀಟರ್ ಅಳತೆಯವು, ನಡುವೆ ಒಂದು ರಬ್ಬರ್ ಅಡಾಪ್ಟರ್ ಸಿಕ್ಕಿಸಿದರೆ ಹಳೇ ಬ್ರಷ್ಷು ಹೊಸ ಮೆಷಿನ್ನಿಗೆ ಕೂರುತ್ತದೆ. ಅವಳ ಮೆಷಿನ್ನಿನ ಪೈಪಿನ ಹೊರಗಿನ ಅಳತೆ ಕಳಿಸು ಅಂದಿದ್ದೇನೆ, ಇನ್ನೂ ಕಳಿಸಿಲ್ಲ.

ಕೊಳ್ಳಲು ಹೊರಟವರಿಗೆ ಎರಡು ಮಾತು. ಹೋಸಿನ ಒಂದು ಬಾಯಿ ಮೆಷಿನ್ನಿಗೆ ಸಿಕ್ಕಿಸಿ ಇನ್ನೊಂದನ್ನು ಅಂಗೈಯಿಂದ ಮುಚ್ಚಿ. ಹೋಸ್ ಮುದುಡಿಕೊಂಡು ಮೋಟಾರಿನ ಸದ್ದು ಏರಿದರೆ ಸರಿ. ಏನೂ ಆಗದಿದ್ದರೆ ಹೆಣೆದ ಬಟ್ಟೆಯ ಒಳಗೆ ಎಲ್ಲೋ ಸೋರುತ್ತಿದೆ. ವೈರಿನ ರಬ್ಬರನ್ನು ಬಾಗಿಸಿ ನೋಡಿ, ಬಿರುಕು ಬಿಟ್ಟರೆ ವೈರ್ ಬದಲಾಯಿಸದೆ ಪ್ಲಗ್ ಚುಚ್ಚಲೇಬೇಡಿ, ಅದರಲ್ಲೂ ಲೋಹದ ಮೈಯ ಕರ್ಬಿಯಲ್ಲಿ. ಚೀಲದ ಚಿಂತೆ ಬೇಡ: ಹಳೇ ಎಲೆಕ್ಟ್ರೋಲಕ್ಸಿನ ಸ್ಟೈಲ್ ಸಿ ಕಾಗದದ ಚೀಲಗಳು ಇವತ್ತಿಗೂ ಹೊಸದಾಗಿ ಸಿಗುತ್ತವೆ. ಆನ್‌ಲೈನಲ್ಲಿ "ಪೂರ್ತಿ ಟೂಲ್ಸ್ ಇದೆ" ಅಂತ ಬರೆದವರ ಬಳಿ ಪ್ರತಿ ಟೂಲಿನ ಫೋಟೋ ಕೇಳಿ, ಬಾಯಿಯ ಕಡೆಯಿಂದ ತೆಗೆದದ್ದು. ಒಬ್ಬ ಮಾರಾಟಗಾರ ನನಗೆ ಕಳಿಸಿದ "ಪೂರ್ತಿ" ಸೆಟ್ಟಿನಲ್ಲಿ ಮೂರು ಕಂಪನಿಯ ಟೂಲುಗಳಿದ್ದವು, ಒಂದೂ ಆ ಮೆಷಿನ್ನಿನ ಪೈಪಿಗೆ ಕೂರಲಿಲ್ಲ. ದುಡ್ಡು ವಾಪಸ್ ಬಂತು. ಅದರಲ್ಲಿದ್ದ ಒಂದು ಡಸ್ಟಿಂಗ್ ಬ್ರಷ್ ಚೆನ್ನಾಗಿತ್ತು, ಅದೊಂದನ್ನು ಕೊಡು ಅಂತ ಬೇರೆ ದುಡ್ಡು ಕೊಟ್ಟು ಉಳಿಸಿಕೊಂಡೆ.