ಎಂಎಲ್ಎಲ್ ಬ್ರೇಕ್ ಅಪಾರ್ಟ್ ಪ್ರೋಬ್: ಜೀನ್ ಮುರಿದಿದೆಯೇ ಎಂದು ಹೇಳುತ್ತದೆ, ಯಾವುದಕ್ಕೆ ಅಂಟಿದೆ ಎಂದು ಹೇಳುವುದಿಲ್ಲ

ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಸ್ಯಾಂಪಲ್‌ಗಳಲ್ಲಿ ಕ್ರೋಮೋಸೋಮ್ ನೋಡುವ ಸೈಟೋಜೆನೆಟಿಕ್ಸ್ ಲ್ಯಾಬುಗಳಿಗೆ ಅಬಾಟ್ ಕಂಪನಿಯ ವೈಸಿಸ್ ಎಂಎಲ್ಎಲ್ ಡ್ಯುಯಲ್ ಕಲರ್ ಪ್ರೋಬ್ ಹೊಸದೇನಲ್ಲ. ಪ್ರೋಬ್ ಎಂದರೆ ಡಿಎನ್‌ಎಯ ಗೊತ್ತಾದ ಜಾಗಕ್ಕೆ ಅಂಟಿ, ಮೈಕ್ರೋಸ್ಕೋಪಿನಲ್ಲಿ ಬಣ್ಣದ ಚುಕ್ಕೆಯಾಗಿ ಹೊಳೆಯುವ ತುಂಡು; ಈ ವಿಧಾನಕ್ಕೆ ಫಿಶ್ ಎಂದು ಹೆಸರು. ಜೀನಿನ ಅಧಿಕೃತ ಹೆಸರು ಕೆಎಂಟಿ2ಎ ಆಗಿ ಬಹಳ ಕಾಲವಾದರೂ ಲ್ಯಾಬಿನ ಮಾತಿನಲ್ಲಿ ಅದು ಇನ್ನೂ ಎಂಎಲ್ಎಲ್ಲೇ.

ಈ ಜೀನ್ 11ನೇ ಕ್ರೋಮೋಸೋಮಿನ ಉದ್ದ ತೋಳಿನ ಕ್ಯೂ23 ಭಾಗದಲ್ಲಿದೆ. ಇದರ ಪ್ರೋಟೀನ್, ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಎಚ್3 ಪ್ರೋಟೀನಿನ 4ನೇ ಲೈಸಿನ್‌ಗೆ ಮೀಥೈಲ್ ಗುಂಪು ಸೇರಿಸಿ, ಕೋಶದ ಬೆಳವಣಿಗೆ ನಿರ್ದೇಶಿಸುವ ಹಾಕ್ಸ್ ಜೀನ್‌ಗಳ ಟ್ರಾನ್ಸ್‌ಕ್ರಿಪ್ಷನ್ ನಿಲ್ಲದಂತೆ ನೋಡಿಕೊಳ್ಳುತ್ತದೆ. ಟ್ರಾನ್ಸ್‌ಲೊಕೇಶನ್ ಆದಾಗ, ಅಂದರೆ ಜೀನ್ ಮುರಿದು ಬೇರೆ ಜೀನಿನ ತುಂಡಿಗೆ ಅಂಟಿದಾಗ, ಮೀಥೈಲ್ ಸೇರಿಸುವ ಬಾಲದ ಭಾಗ ಕಳಚಿಹೋಗುತ್ತದೆ. ಮೆನಿನ್ ಎಂಬ ಪ್ರೋಟೀನನ್ನು ಹಿಡಿಯುವ ಮುಂಭಾಗ ಉಳಿದು ಎಎಫ್4, ಎಎಫ್9, ಇಎನ್‌ಎಲ್‌ನಂಥ ಇನ್ನೊಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಗ ಹಾಕ್ಸ್‌ಎ9, ಮೈಸ್1 ಜೀನ್‌ಗಳು ಆಫ್ ಆಗುವುದೇ ಇಲ್ಲ, ರಕ್ತದ ಎಳೆಯ ಕೋಶಗಳು ಬಲಿಯುವುದೂ ಇಲ್ಲ. ಒಂದು ವರ್ಷ ತುಂಬದ ಶಿಶುಗಳಿಗೆ ಬರುವ ಲಿಂಫ್ ಕೋಶಗಳ ತೀವ್ರ ಲ್ಯುಕೇಮಿಯಾ, ಅಂದರೆ ಎಎಲ್‌ಎಲ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಇದೇ ಕಥೆ. ಕ್ಯಾನ್ಸರ್ ಔಷಧ ಎಟೊಪೊಸೈಡ್ ಪಡೆದವರಲ್ಲಿ ಮುಂದೆ ಬರುವ ಮೈಲಾಯ್ಡ್ ಕೋಶಗಳ ತೀವ್ರ ಲ್ಯುಕೇಮಿಯಾ, ಅಂದರೆ ಎಎಂಎಲ್‌ನಲ್ಲೂ ಇದನ್ನು ಹುಡುಕಲೇಬೇಕು.

ಹೀಗೆ ಅಂಟಿಕೊಳ್ಳುವ ಜೊತೆಗಾರ ಜೀನ್‌ಗಳು ನೂರಕ್ಕೂ ಹೆಚ್ಚು ಗೊತ್ತಾಗಿವೆ. ಅಷ್ಟಕ್ಕೂ ಪ್ರೈಮರ್ ಇಟ್ಟುಕೊಂಡು ಪಿಸಿಆರ್ ಮಾಡುವುದು ಆಗದ ಮಾತು. ಈ ಪ್ರೋಬಿನ ಹೆಚ್ಚುಗಾರಿಕೆ ಇರುವುದೇ ಇಲ್ಲಿ: ಜೊತೆಗಾರ ಯಾರೇ ಇರಲಿ, ಮುರಿತ ಕಾಣುತ್ತದೆ. ಜೀನಿನ 5 ಪ್ರೈಮ್ (ಆರಂಭದ) ಕಡೆಗೆ ಸುಮಾರು 350 ಕಿಲೋಬೇಸಿನ ಹಸಿರು, 3 ಪ್ರೈಮ್ (ಕೊನೆಯ) ಕಡೆಗೆ ಸುಮಾರು 190 ಕಿಲೋಬೇಸಿನ ಕಿತ್ತಳೆ. ಸರಿಯಿರುವ ಕೋಶದಲ್ಲಿ ಹಸಿರು, ಕಿತ್ತಳೆ ಒಂದರ ಮೇಲೊಂದು ಬಿದ್ದು ಎರಡು ಹಳದಿ ಚುಕ್ಕೆ. ಮುರಿದಿದ್ದರೆ ಒಂದು ಹಳದಿ, ಒಂದು ಹಸಿರು, ಒಂದು ಕಿತ್ತಳೆ. ಬೇರೆ ಕಂಪನಿಯ ಪ್ರೋಬಿನಲ್ಲಿ ಬಣ್ಣ ಅದಲುಬದಲಾಗಿರಬಹುದು, ಜೊತೆಗೆ ಬಂದ ಹಾಳೆ ನೋಡದೆ ಎಣಿಸಬೇಡಿ.

ಕೆಲಸ ಸರಳ. 7 ಮೈಕ್ರೋಲೀಟರ್ ಹೈಬ್ರಿಡೈಸೇಶನ್ ಬಫರ್, 1 ಪ್ರೋಬ್, 2 ಶುದ್ಧ ನೀರು ಸೇರಿಸಿ, ಒಟ್ಟು 10 ಮೈಕ್ರೋಲೀಟರನ್ನು 22 ಮಿಲಿಮೀಟರ್ ಚೌಕದ ಕವರ್‌ಸ್ಲಿಪ್ ಕೆಳಗೆ ಹಾಕಿ, ಅಂಚನ್ನು ರಬ್ಬರ್ ಸಿಮೆಂಟಿನಿಂದ ಮುಚ್ಚಿ. ಸುಮಾರು 73 ಡಿಗ್ರಿಯಲ್ಲಿ ಕೆಲವು ನಿಮಿಷ ಡಿನೇಚರ್ (ಡಿಎನ್‌ಎಯ ಎರಡು ಎಳೆ ಬಿಡಿಸುವುದು), ಆಮೇಲೆ ರಾತ್ರಿಯಿಡೀ 37 ಡಿಗ್ರಿ, ತೇವ ಆರದ ಡಬ್ಬಿಯಲ್ಲಿ. ಮರುದಿನ 73 ಡಿಗ್ರಿಯ 0.4 ಎಸ್‌ಎಸ್‌ಸಿ (ಉಪ್ಪು-ಸಿಟ್ರೇಟ್) ದ್ರಾವಣದಲ್ಲಿ 2 ನಿಮಿಷ ತೊಳೆದು, ಕೋಣೆಯ ಉಷ್ಣತೆಯ 2 ಎಸ್‌ಎಸ್‌ಸಿಯಲ್ಲಿ 1 ನಿಮಿಷ ಅದ್ದಿ, ನ್ಯೂಕ್ಲಿಯಸ್ ತೋರಿಸುವ ಡಾಪಿ ಬಣ್ಣ ಹಾಕಿ.

ಎಡವಟ್ಟಾಗುವುದು ಹೆಚ್ಚಾಗಿ ಈ ಬಿಸಿ ತೊಳೆತದಲ್ಲೇ. ವಾಟರ್‌ಬಾತಿನ ಪರದೆ 73 ತೋರಿಸಿದರೂ ಸ್ಲೈಡ್ ನಿಲ್ಲಿಸುವ ಕಾಪ್ಲಿನ್ ಜಾರಿನೊಳಗೆ ಅಷ್ಟಿರುವುದಿಲ್ಲ. ತಣ್ಣಗಿನ ಸ್ಲೈಡ್ ಇಳಿಸಿದಂತೆ ಇನ್ನೂ ಇಳಿಯುತ್ತದೆ. ಥರ್ಮಾಮೀಟರನ್ನು ಜಾರಿನೊಳಗೇ ಇಡಿ, ಒಂದು ಸಲಕ್ಕೆ ನಾಲ್ಕು ಸ್ಲೈಡ್ ದಾಟಬೇಡಿ. ಬಿಸಿ ಸಾಲದಿದ್ದರೆ ಹಿನ್ನೆಲೆಯಲ್ಲಿ ಮಂಜು, ಹೆಚ್ಚಾದರೆ ಚುಕ್ಕೆಯೇ ಮಾಯ. ನ್ಯೂಕ್ಲಿಯಸ್ ಸುತ್ತ ಸೈಟೋಪ್ಲಾಸಂ ಉಳಿದಿದ್ದರೂ ಹಸಿರು ಮಂಜು ಬರುತ್ತದೆ. ಅದಕ್ಕೆ ಮದ್ದು ಪ್ರೋಬ್ ಜಾಸ್ತಿ ಸುರಿಯುವುದಲ್ಲ, ಕೋಶಗಳ ಗಸಿಯನ್ನು (ಪೆಲೆಟ್) 3ಕ್ಕೆ 1ರ ಮೆಥನಾಲ್-ಅಸಿಟಿಕ್ ಆಸಿಡ್‌ನಲ್ಲಿ ಮತ್ತೊಂದೆರಡು ಸಲ ತೊಳೆಯುವುದು.

ಎಣಿಕೆ 200 ಕೋಶ, ಇಬ್ಬರು ತಲಾ 100. ಹಸಿರು, ಕಿತ್ತಳೆ ನಡುವೆ ಎರಡು ಚುಕ್ಕೆಯಷ್ಟು ಅಂತರವಿಲ್ಲದಿದ್ದರೆ ಅದು ಕೂಡಿದ್ದೇ ಎಂದು ಲೆಕ್ಕ. ಎಷ್ಟು ಕೋಶ ದಾಟಿದರೆ ಪಾಸಿಟಿವ್ ಎನ್ನುವ ಕಟಾಫ್ ಆಯಾ ಲ್ಯಾಬಿನ ನಾರ್ಮಲ್ ಸ್ಯಾಂಪಲ್‌ಗಳಿಂದಲೇ ಬರಬೇಕು, ಪಕ್ಕದ ಲ್ಯಾಬಿನದ್ದು ಸಾಲ ತರುವಂಥದ್ದಲ್ಲ.

ಓದುವವರ ಅನುಭವ ಬೇಕಾಗುವುದು ಸಾದಾ ಪ್ಯಾಟರ್ನಿಗಲ್ಲ. ಒಂದು ಹಳದಿ, ಒಂದು ಹಸಿರು ಮಾತ್ರ ಕಂಡರೆ ಕಿತ್ತಳೆ ಸರಿಯಾಗಿ ಬಿದ್ದಿಲ್ಲವೆಂದು ತಳ್ಳಿಹಾಕಬೇಡಿ. ಮುರಿಯುವಾಗ 3 ಪ್ರೈಮ್ ಭಾಗ ಅಳಿಸಿಹೋಗುವುದುಂಟು, ರೋಗ ತರುವ 5 ಪ್ರೈಮ್ ತುಂಡು ಅಲ್ಲೇ ಇರುತ್ತದೆ. ಹಸಿರು ಹೋಗಿ ಕಿತ್ತಳೆ ಉಳಿದರೆ ಅರ್ಥ ಬೇರೆ, ಅದನ್ನು ಬೇರೆ ವಿಧಾನದಿಂದ ಖಚಿತಪಡಿಸದೆ ಪಾಸಿಟಿವ್ ಬರೆಯುವಂತಿಲ್ಲ. ಮೂರು ಹಳದಿ ಬಂದರೆ 11ನೇ ಕ್ರೋಮೋಸೋಮ್ ಹೆಚ್ಚಾಗಿರಬಹುದು. ಅಂಥ ಎಎಂಎಲ್‌ನಲ್ಲಿ ಜೀನಿನೊಳಗಿನ ಪಾರ್ಶಿಯಲ್ ಟ್ಯಾಂಡಮ್ ಡೂಪ್ಲಿಕೇಶನ್ (ಜೀನಿನ ಒಂದು ಭಾಗ ಪಕ್ಕದಲ್ಲೇ ಇನ್ನೊಮ್ಮೆ ಬರುವುದು) ಇರುವ ಸಾಧ್ಯತೆ ಹೆಚ್ಚು, ಈ ಪ್ರೋಬಿಗೆ ಅದು ಕಾಣುವುದಿಲ್ಲ. ಯುಎಸ್‌ಪಿ2 ಜೊತೆಗಿನ ಫ್ಯೂಶನ್ ಕೂಡ ತಪ್ಪಿಸಿಕೊಳ್ಳಬಹುದು, ಆ ಜೀನ್ ಪಕ್ಕದಲ್ಲೇ ಇರುವುದರಿಂದ ಚುಕ್ಕೆಗಳು ದೂರ ಸರಿಯುವುದಿಲ್ಲ. ಎಂಎಲ್‌ಎಲ್‌ಟಿ10 ಜೊತೆಗಾರ ಜೀನಾಗಿದ್ದಲ್ಲಿ ಪ್ಯಾಟರ್ನ್ ಗೋಜಲಾಗುವುದು ಮಾಮೂಲು.

ಚಿಕಿತ್ಸೆಯ ನಂತರ ಉಳಿದ ರೋಗ ಅಳೆಯಲು ಇದನ್ನು ಕೇಳುವುದು ದುಡ್ಡು ದಂಡ, 200 ಕೋಶದ ಎಣಿಕೆಗೆ ಆ ಸೂಕ್ಷ್ಮತೆ ಎಲ್ಲಿಂದ ಬರಬೇಕು? ಡಯಾಗ್ನೋಸಿಸ್ ಹೊತ್ತಿಗೆ ಮಾತ್ರ ಇದಕ್ಕೆ ಪೂರ್ತಿ ಅಂಕ. ಕೆಎಂಟಿ2ಎ ಟ್ರಾನ್ಸ್‌ಲೊಕೇಶನ್ ಇದ್ದು ಮರುಕಳಿಸಿದ ಅಥವಾ ಚಿಕಿತ್ಸೆಗೆ ಬಗ್ಗದ ಲ್ಯುಕೇಮಿಯಾಕ್ಕೆ ಮೆನಿನ್ ತಡೆಯುವ ರೆವುಮೆನಿಬ್ ಔಷಧ 2024ರ ನವೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಪಡೆದ ಮೇಲೆ ಈ ರಿಪೋರ್ಟಿಗೆ ತೂಕ ಇನ್ನೂ ಹೆಚ್ಚಿದೆ. ಜೊತೆಗಾರ ಯಾರೆಂಬುದು ಆರ್‌ಎನ್‌ಎ ಸೀಕ್ವೆನ್ಸಿಂಗಿಗೆ ಬಿಟ್ಟ ವಿಷಯ. ಹೆಪಾರಿನ್ ಪಿಸಿಆರ್‌ಗೆ ಅಡ್ಡಿ ಮಾಡುವುದರಿಂದ, ಬೋನ್ ಮ್ಯಾರೋ ತೆಗೆಯುವಾಗಲೇ ಫಿಶ್‌ಗೆ ಹೆಪಾರಿನ್ ಟ್ಯೂಬ್ ಒಂದು, ಮಾಲಿಕ್ಯುಲರ್ ಪರೀಕ್ಷೆಗೆ ಇಡಿಟಿಎ ಟ್ಯೂಬ್ ಒಂದು ಬೇರೆ ಬೇರೆ ತುಂಬಿಸಿ ಕಳಿಸಿ.